ಎಳೆದು ತಂದ ಅಂತರಗಂಗೆ

ಎದೆಮಟ್ಟದ ನೀರಿನಲ್ಲಿ ನಿಂತು ಮರೆವ್ವ ಬಲೆ ಎತ್ತಿದಳು. ಬಂದದ್ದು ಒಂದು ಬುಟ್ಟಿ ಅಂತರಗಂಗೆ, ನಾಲ್ಕು ಸತ್ತ ಮೀನು. ದೇವಿಕೊಪ್ಪದ ಪಕ್ಕದ ಆ ಕೆರೆಯ ಮೂಡಣ ಭಾಗವನ್ನೆಲ್ಲ ಈ ಹಾಳು ನೀರುಕಳೆ ಹಸಿರು ಚಾಪೆಯಂತೆ ಮುಚ್ಚಿತ್ತು. ಕೆಳಗೆ ಮೀನಿಗೆ ಉಸಿರಿಲ್ಲ. ಮೇಲೆ ಮೀನು ಹಿಡಿದು ಬದುಕುವ ಹನ್ನೊಂದು ಮನೆಗಳಿಗೆ ರೊಟ್ಟಿಯಿಲ್ಲ.

ಹೋದ ವರ್ಷ ನೀರಾವರಿ ಕಚೇರಿಯ ಕೂಲಿಗೆ ಈ ಮನೆಗಳ ಹೆಂಗಸರೇ ಕಳೆ ಕಿತ್ತಿದ್ದರು. ಇನ್ನೂ ಒಂದು ಮೂಲೆ ಬಾಕಿ ಇರುವಾಗಲೇ ಕಚೇರಿಯವರು ಕೆಲಸ ನಿಲ್ಲಿಸಿದರು. ಉಳಿದ ಹಣವೆಲ್ಲ ಕೆರೆಯ ಮೇಲೆ ನಿಗಾ ಇಡಲಿಕ್ಕಂತೆ! ಕಂಬ ಬಂತು, ಕಂಬದ ಮೇಲೆ ಕ್ಯಾಮೆರಾ ಬಂತು, ಅದನ್ನು ನೋಡಿಕೊಳ್ಳಲು ಜೀಪಿನಲ್ಲಿ ಎಂಜಿನಿಯರ್ ಪ್ರಭು ಬಂದ. ಕೀಳುವ ಕೈಗೆ ಮಾತ್ರ ಏನೂ ಬರಲಿಲ್ಲ.

ಕಂಬ ನೆಟ್ಟದ್ದಾದರೂ ಎಲ್ಲಿ? ಪಡುವಣ ಏರಿಯ ಮೇಲೆ, ರಸ್ತೆಗೆ ಹತ್ತಿರ. ಆಷಾಢದ ಗಾಳಿ ಪಡುವಣದಿಂದ ಬೀಸಿ ಕಳೆಯನ್ನೆಲ್ಲ ಆಚೆ ದಂಡೆಗೆ ದೂಡುತ್ತದೆಂದು ಊರ ಎಮ್ಮೆಗಳಿಗೂ ಗೊತ್ತು. ಕಚೇರಿಗೆ ಗೊತ್ತಿಲ್ಲ.

"ಇಲ್ಲಿ ನೋಡಬೇ, ನೀರು ಅಗದಿ ಸ್ವಚ್ಛ ಐತಿ," ಎಂದು ಪ್ರಭು ಮರೆವ್ವನಿಗೆ ಮೊಬೈಲಿನಲ್ಲಿ ಕ್ಯಾಮೆರಾದ ಚಿತ್ರ ತೋರಿಸಿದ.

"ಆ ದಂಡಿಗೆ ಬಂದು ನೋಡ್ರಿ ಸಾಹೇಬ್ರ."

"ಕ್ಯಾಮೆರಾ ತೋರಿಸಿದ್ದ ಖರೆ. ನಾಳೆ ಹತ್ತಕ್ಕ ಬಂದು ಕೆರ್‍ಯಾಗ ಕಳೆ ಇಲ್ಲಂತ ಸಹಿ ಹಾಕ್ತೀನಿ."

ಆ ಸಹಿ ಬಿದ್ದರೆ ಮೂರು ವರ್ಷ ಕಳೆ ಕೀಳಲು ಬಿಡಿಗಾಸೂ ಇಲ್ಲ. ಅಷ್ಟರಲ್ಲಿ ಕೆರೆಯೇ ಸತ್ತಿರುತ್ತದೆ. ಮರೆವ್ವ ಜೊತೆಗಾತಿ ಹಲೀಮಾಬಿಯ ಮನೆಗೆ ನೆಟ್ಟಗೆ ನಡೆದಳು.

"ಎಲ್ಲಾರ ಬಲೀನೂ ಜೋಡಸೂಣು ಬೇ. ಕ್ಯಾಮೆರಾ ಅಲ್ಲಿಗೆ ಬರಂಗಿಲ್ಲ. ಅಂತರಗಂಗೀನ ಕ್ಯಾಮೆರಾದ ಮುಂದ ತರೂಣು."

"ಗಾಳಿ ಬಿಡ್ತೈತೇನಬೇ ಅಕ್ಕಾ?"

"ಹೊತ್ತು ಏರೂತನಕ ಗಾಳಿ ಏಳಂಗಿಲ್ಲ. ಮುಂಜಾನೆ ಲಗೂನ ಇಳಿಯೂಣು."

ಬೆಳಕು ಹರಿಯುತ್ತಲೇ ಹನ್ನೊಂದು ಹೆಂಗಸರು ನೀರಿಗಿಳಿದರು. ಮೀನಿನ ಹಿಂಡನ್ನು ಸುತ್ತುವರಿಯುವಂತೆ ಬಲೆಗಳಿಂದ ಕಳೆಯನ್ನು ಸುತ್ತುವರಿದರು. ಎರಡೂ ದಂಡೆಗುಂಟ ಹಗ್ಗ ಹಿಡಿದು ಎಳೆದರು. ತೋಳಿನ ತುಂಬ ತುರಿಕೆ, ಕಾಲಡಿ ಕೆಸರು. ಒಂಬತ್ತೂವರೆಗೆ ಅಂತರಗಂಗೆ ಕ್ಯಾಮೆರಾದ ಕಣ್ಣ ಮುಂದೆ ಬಂದು ನಿಂತಿತು. ಆಗಲೇ ಗಾಳಿ ಎದ್ದಿತು; ಕಳೆ ಹಿಂದಕ್ಕೆ ಹೋಗದಂತೆ ಹೆಂಗಸರು ಹಗ್ಗ ಬಿಗಿಹಿಡಿದು ನಿಂತರು.

ಹತ್ತಕ್ಕೆ ಜೀಪು ಬಂತು. ಪ್ರಭುವಿನ ಮುಖ ಕಪ್ಪಿಟ್ಟಿತು.

"ಹಗ್ಗ ಬಿಡ್ರಿ! ಇದು ಮೋಸ. ನೀವ ಎಳಕೊಂಡ ಬಂದೀರಿ!"

"ಹೌದ್ರಿ, ಎಳಕೊಂಡ ಬಂದೇವಿ," ಎಂದಳು ಮರೆವ್ವ. "ಎಳಿಯಾಕ ಕೆರ್‍ಯಾಗ ಇತ್ತಂತ ಆತಲ್ರಿ."

ಪ್ರಭು ಕಂಬದತ್ತ ಕೈ ತೋರಿಸಿದ.

"ನೋಡೂದು ಬ್ಯಾಡ ಅನ್ನಂಗಿಲ್ರಿ ಸಾಹೇಬ್ರ. ಹೋದ ವರ್ಷ ಆ ಮೂಲ್ಯಾಗ ಒಂದು ಹಾಸಿಗಿಯಷ್ಟ ಇತ್ತು. ನೋಡಿದ್ದು ನಾನು, ಹೇಳಿದ್ದು ನಾನು. ಅವತ್ತ ಎರಡು ಆಳು ಕೊಟ್ಟಿದ್ರ ಒಂದ ದಿನದ ಕೆಲಸ. ನೀವು ಕಂಬ ನೆಟ್ರಿ. ಕಂಬ ಕಳೆ ಕಿತ್ತತೇನ್ರಿ?"

ಪ್ರಭು ಹೋಗಿ ಜೀಪಿನಲ್ಲಿ ಕುಳಿತ. ಗಾಳಿ ಹೆಚ್ಚುತ್ತಿತ್ತು. ಇನ್ನರ್ಧ ಗಂಟೆ ಕಾದರೆ ಕಳೆ ತಾನೇ ಆಚೆಗೆ ಹೋಗುತ್ತದೆ, ಆಮೇಲೆ ಸಹಿ. ಅವನ ಲೆಕ್ಕ ಮರೆವ್ವನಿಗೆ ಅರ್ಥವಾಯಿತು. ಹಗ್ಗ ಅಂಗೈ ಕೊಯ್ಯುತ್ತಿತ್ತು. ಹಲೀಮಾಬಿಯ ಕೈಯಿಂದ ರಕ್ತ ತೊಟ್ಟಿಕ್ಕಿತು.

"ಬಿಡಬ್ಯಾಡ್ರಬೇ!" ಎಂದು ಮರೆವ್ವ ಒದರಿದಳು.

ಎಮ್ಮೆ ಮೈ ತೊಳೆಯಲು ಬಂದಿದ್ದ ಹನಮಂತಪ್ಪ ಚಪ್ಪಲಿ ಕಳಚಿ ಹಗ್ಗಕ್ಕೆ ಕೈ ಹಚ್ಚಿದ. ಬಟ್ಟೆ ಒಗೆಯುತ್ತಿದ್ದ ದೇವಕ್ಕ ಬಂದಳು. ರಸ್ತೆಯ ಮೇಲೆ ಹೋಗುತ್ತಿದ್ದವರು ಸೈಕಲ್ ಒರಗಿಸಿ ಇಳಿದು ಬಂದರು. ಹಗ್ಗ ಮತ್ತೆ ಬಿಗಿಯಾಯಿತು.

"ಕಾಯ್ರಿ ಸಾಹೇಬ್ರ," ಮರೆವ್ವ ಕೂಗಿದಳು, "ನಾವೂ ಕಾಯ್ತೀವಿ."

ಕಂಬದ ಮೇಲಿನ ಕ್ಯಾಮೆರಾ ಇದನ್ನೆಲ್ಲ ನೋಡುತ್ತಲೇ, ಕಚೇರಿಗೆ ತೋರಿಸುತ್ತಲೇ ಇತ್ತು.