ಕಿಟಕಿಯ ಕೆಳಗಿನ ಹೊಳಪು

ಹುಣಸೆಹಣ್ಣಿನ ರಸ ಮೊಣಕೈವರೆಗೂ ಇಳಿದಿತ್ತು. ವಿನ್ಸೆಂಟ್ ಅದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗದೆ, ಹಳೇ ಪಂಚೆಯ ಚಿಂದಿಯನ್ನು ಮುದ್ದೆ ಮಾಡಿಕೊಂಡು ಡಬ್ಬಗಾಡಿಯ ಮುಂಭಾಗದ ತಗಡನ್ನು ತಿಕ್ಕುತ್ತಲೇ ಇದ್ದ. ವರ್ಷಗಟ್ಟಲೆ ಹಿತ್ತಿಲಿನ ಬಿಸಿಲು ಮಳೆಗೆ ನಿಂತು ಆ ಅಲ್ಯೂಮಿನಿಯಂ ತಗಡಿನ ಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿಯ ಪುಡಿ ಕಟ್ಟಿತ್ತು. ಮೊದಲು ಹುಣಸೆಯ ಹುಳಿ ಆ ಪುಡಿಯನ್ನು ತಿನ್ನಬೇಕು. ಆಮೇಲೆ ಸೀಮೆಎಣ್ಣೆಯಲ್ಲಿ ಕಲಸಿದ ಸೀಮೆಸುಣ್ಣದ ಪುಡಿಯಿಂದ ಉಜ್ಜಬೇಕು. ಕೊನೆಗೆ ಒಣ ಬಟ್ಟೆ. ತಿಕ್ಕುವುದು ಬಿಳಿಯದನ್ನಾದರೂ ಬಟ್ಟೆ ಮಾತ್ರ ಇದ್ದಿಲಿನಷ್ಟು ಕಪ್ಪಾಗುತ್ತಿತ್ತು, ಉಗುರಿನ ಸಂದಿಯ ಕಪ್ಪಂತೂ ಸೋಪಿಗೂ ಜಗ್ಗುತ್ತಿರಲಿಲ್ಲ.

"ರೀ, ಕಾಫಿ ಆರೋಗ್ತಾ ಅದೆ. ಆ ಡಬ್ಬ ಎಲ್ಲಿಗೂ ಓಡೋಗಲ್ಲ, ಬನ್ನಿ," ಎಂದು ಹಿತ್ತಿಲ ಬಾಗಿಲಿನಿಂದ ರೋಸಮ್ಮ ಕೂಗಿದಳು.

"ಇದೊಂದು ಮಗ್ಗಲು ಮುಗಿಸ್ಬುಡ್ತೀನಿ ಕಣೇ."

"ಭಾನುವಾರದ ಹೊತ್ಗೆ ಆದ್ರೆ ಸಾಕು. ಪಾಲಹಳ್ಳಿಯೋರು ಹಿತ್ತಲಿಗೆ ಬಂದೇ ಬರ್ತಾರೆ. ಚೆನ್ನಾಗಿ ಕಂಡ್ರೆ ದೊರೆ ಗಾಡಿ ಅಂತಾರೆ. ಇಂಗೇ ಇದ್ರೆ ಏನಂತಾರೆ ಅಂತ ನಿಮ್ಗೇ ಗೊತ್ತಲ್ಲ."

ವಿನ್ಸೆಂಟನಿಗೆ ಗೊತ್ತಿತ್ತು. ಮೈಸೂರಿನ ಲಷ್ಕರ್ ಮೊಹಲ್ಲಾದ ಆ ಓಣಿಯವರೆಲ್ಲ ಅದನ್ನು ಕ್ಷಯದ ಡಬ್ಬ ಎನ್ನುತ್ತಿದ್ದರು. ಎರಡನೇ ಮಗಳು ಲೂರ್ದುಮೇರಿಯನ್ನು ನೋಡಲು ಬಂದವರು ಆಗಲೇ ಎರಡು ಸಲ ಆ ಡಬ್ಬವನ್ನು ನೋಡಿ, ಅಕ್ಕಪಕ್ಕದಲ್ಲಿ ವಿಚಾರಿಸಿ, ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಹೋಗಿದ್ದರು. ಪಾಲಹಳ್ಳಿಯವರು ಮೂರನೆಯವರು. ಹುಡುಗನಿಗೆ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ. ಭಾನುವಾರ ಪೂಜೆ ಮುಗಿಸಿಕೊಂಡು ಬರುತ್ತೇವೆ ಎಂದು ಹೇಳಿ ಕಳಿಸಿದ್ದರು.

ಆದರೆ ವಿನ್ಸೆಂಟ್ ತಿಕ್ಕುತ್ತಿದ್ದದ್ದು ಭಾನುವಾರಕ್ಕಲ್ಲ, ಸೋಮವಾರಕ್ಕೆ. ಸೋಮವಾರ ದೊಡ್ಡ ಮಗಳು ಪುಷ್ಪಮೇರಿ ಆಸ್ಪತ್ರೆಯಿಂದ ಮನೆಗೆ ಬರುವವಳಿದ್ದಳು.

ಆ ಗಾಡಿ ಒಬ್ಬ ಇಂಗ್ಲಿಷ್ ದೊರೆಯದು. ಯುದ್ಧದ ಕಾಲದಲ್ಲಿ ವಿಮಾನಕ್ಕೆಂದು ತಂದು ಮಿಕ್ಕಿದ ತಗಡಿನಿಂದ ಬೆಂಗಳೂರಿನಲ್ಲಿ ಕಟ್ಟಿಸಿದ್ದು. ಒಳಗೆ ಮಲಗಲು ಮಂಚ, ಪಾತ್ರೆ ಇಡಲು ಗೂಡು, ಎರಡು ಕಡೆ ಕಿಟಕಿ. ಕಾರಿನ ಹಿಂದೆ ಅದನ್ನು ಕಟ್ಟಿಕೊಂಡು ಶಿಕಾರಿಗೆಂದು ಕಾಕನಕೋಟೆ, ಬಂಡೀಪುರ ಸುತ್ತುವಾಗ ವಿನ್ಸೆಂಟನೇ ಡ್ರೈವರು. ಸ್ವಾತಂತ್ರ್ಯ ಬಂದ ವರ್ಷ ದೊರೆ ಕಾರನ್ನು ಮಾರಿ ತನ್ನ ಊರಿಗೆ ಹೊರಟುಹೋದ. ಡಬ್ಬಗಾಡಿಯನ್ನು ಯಾರೂ ಕೇಳಲಿಲ್ಲವಾಗಿ ಅದು ವಿನ್ಸೆಂಟನ ಪಾಲಿಗೆ ಬಂತು. ಅವನು ಬಸ್ಸಿನ ಡ್ರೈವರಾಗಿ ನಂಜನಗೂಡಿಗೂ ಮೈಸೂರಿಗೂ ಓಡಾಡತೊಡಗಿದ, ಗಾಡಿ ಹಿತ್ತಿಲಿನ ಸೀಬೆಮರದ ಕೆಳಗೆ ಬಿತ್ತು. ಮಕ್ಕಳಿಬ್ಬರೂ ಅದರೊಳಗೆ ಅಡುಗೆ ಆಟ ಆಡಿಕೊಂಡು ಬೆಳೆದರು.

ಹದಿನೆಂಟಕ್ಕೆ ಪುಷ್ಪ ರಕ್ತ ಕೆಮ್ಮಿದಳು. ಬೇರೆ ಇಡಿ ಎಂದರು ಡಾಕ್ಟರು. ಎರಡೇ ಕೋಣೆಯ ಮನೆಯಲ್ಲಿ ಬೇರೆ ಎಲ್ಲಿಡುವುದು? ಆಟದ ಮನೆಯೇ ಅವಳ ಮನೆಯಾಯಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವವರೆಗೆ ಒಂದು ವರ್ಷದ ಮೇಲೆ ಅವಳು ಅಲ್ಲೇ ಇದ್ದಳು. ಲೂರ್ದು ತಟ್ಟೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು ಎರಡು ಮಾರು ಹಿಂದಕ್ಕೆ ಸರಿಯಬೇಕು, ಆಮೇಲೆ ಪುಷ್ಪ ಇಳಿದು ಬಂದು ಎತ್ತಿಕೊಳ್ಳಬೇಕು ಎಂದು ರೋಸಮ್ಮ ಕಟ್ಟು ಮಾಡಿದ್ದಳು. ತಿಂದಾದ ಮೇಲೆ ಪುಷ್ಪ ಕಿಟಕಿಯಲ್ಲಿ ಕೂತು ಕೈಯನ್ನು ಹೊರಗೆ ಇಳಿಬಿಟ್ಟುಕೊಂಡು ತಂಗಿಯ ಜೊತೆ ಹರಟುತ್ತಿದ್ದಳು. ಮಾತು ಜೋರಾದಾಗ ಕೈಯೂ ಆಡುತ್ತಿತ್ತು.

ಹಾಗೆ ಆಡಿ ಆಡಿ ಕಿಟಕಿಯ ಕೆಳಗೆ ಒಂದು ಮೊಳದಷ್ಟು ಜಾಗಕ್ಕೆ ಬಿಳಿ ಪುಡಿ ಕಟ್ಟಿರಲಿಲ್ಲ. ಇಡೀ ಗಾಡಿ ಮಂಕಾಗಿ ಕೂತಿದ್ದಾಗಲೂ ಅಲ್ಲಿ ಮಾತ್ರ, ಮೇಲೆ ಸಪೂರ, ಕೆಳಗೆ ಅಂಗೈ ಅಗಲ, ತಗಡು ಮಿರುಗುತ್ತಿತ್ತು. ಅವಳು ಆಸ್ಪತ್ರೆಗೆ ಹೋದ ಮೇಲೆ ವಿನ್ಸೆಂಟ್ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಒಮ್ಮೆ ಅದರ ಮೇಲೆ ಒಣ ಬಟ್ಟೆ ಆಡಿಸುತ್ತಿದ್ದ. ಯಾರಾದರೂ ಕೇಳಿದ್ದರೆ ಧೂಳು ಎನ್ನುತ್ತಿದ್ದ. ಯಾರೂ ಕೇಳಲಿಲ್ಲ.

ಹೋದ ವಾರ ಆಸ್ಪತ್ರೆಗೆ ಹೋದಾಗ ಪುಷ್ಪ ವರಾಂಡದಲ್ಲೇ ನಿಂತಿದ್ದಳು. ಕೆನ್ನೆ ತುಂಬಿಕೊಂಡಿತ್ತು.

"ಡಾಕ್ಟ್ರು ಇನ್ನು ಮನೆಗೋಗು ಅಂದ್ರು ಅಪ್ಪ. ಯಾರ್ಗೂ ಅಂಟಲ್ವಂತೆ. ನಮ್ಮ ಗಾಡಿ ಇದೆಯಾ, ಗುಜರಿಗೆ ಹಾಕ್ಬುಟ್ರಾ?"

"ಇದೆ ಕಣವ್ವ. ಎಲ್ಲಿಗೋಗ್ತದೆ?"

"ಚಿಕ್ಕೋಳಿದ್ದಾಗ ಅದರಲ್ಲೇ ಮುಖ ನೋಡ್ಕಂಡು ಜಡೆ ಹಾಕ್ಕೋತಿದ್ದೆ. ಆಮೇಲಾಮೇಲೆ ಕಾಣ್ತಾನೇ ಇರ್ಲಿಲ್ಲ. ಒಳ್ಳೇದೇ ಆಯ್ತು ಬುಡು, ಆಗ ನನ್ನ ಮುಖ ನೋಡೋ ಹಂಗೂ ಇರ್ಲಿಲ್ಲ," ಎಂದು ಅವಳು ನಕ್ಕಳು.

"ಸೋಮವಾರ ಬಾ. ಕಾಣೋ ಹಂಗೆ ಮಾಡಿರ್ತೀನಿ," ಎಂದು ಬಂದಿದ್ದ.

ಮನೆಯಲ್ಲಿ ಸುದ್ದಿ ಹೇಳಿದಾಗ ರೋಸಮ್ಮ ಶಿಲುಬೆಯ ಗುರುತು ಹಾಕಿಕೊಂಡು "ದೇವ್ರು ಕಣ್ಬುಟ್ಟ" ಎಂದಳು. ಆಮೇಲೆ ತೊಳೆದಿಟ್ಟ ಅಕ್ಕಿಯನ್ನೇ ಮತ್ತೊಮ್ಮೆ ತೊಳೆಯತೊಡಗಿದಳು. ಸೋಮವಾರದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ವಿನ್ಸೆಂಟ್ ಅದನ್ನು ಗಮನಿಸಲಿಲ್ಲ ಎಂದಲ್ಲ, ಗಮನಿಸುವುದು ಬೇಡ ಎಂದುಕೊಂಡ. ಅವನ ಮನಸ್ಸಿನಲ್ಲಿ ಲೆಕ್ಕ ಸರಳವಾಗಿತ್ತು: ಪಾಲಹಳ್ಳಿಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ರೋಗ ಬಂದಿತ್ತು, ವಾಸಿಯಾಯಿತು, ಮಗಳು ನಾಳೆ ಬರುತ್ತಾಳೆ. ಮುಚ್ಚಿಡಲು ಅವಳೇನು ಕಳ್ಳತನ ಮಾಡಿದ್ದಳೇ?

ಶುಕ್ರವಾರದ ಹೊತ್ತಿಗೆ ಗಾಡಿ ಎಲ್ಲ ಕಡೆಯೂ ಫಳಫಳ ಎನ್ನುತ್ತಿತ್ತು. ಕಿಟಕಿಯ ಕೆಳಗಿನ ಆ ಜಾಗಕ್ಕೆ ಮಾತ್ರ ಅವನು ಹುಳಿ ಸೋಕಿಸಲಿಲ್ಲ, ಸುತ್ತ ಬಳಸಿಕೊಂಡು ಬಂದ. ಅದರ ಅಂಚು ಅವನಿಗೆ ಇನ್ನೂ ಕಾಣುತ್ತಿತ್ತು, ಅಲ್ಲಿಯ ಹೊಳಪು ಬೇರೆ, ಸ್ವಲ್ಪ ನಯ. ಜಿಡ್ಡಿನ ಕೈ ಆಡಿದ ಹಳೇ ಬಾಗಿಲ ಚಿಲಕದ ಹೊಳಪು ಹಾಗಿರುತ್ತದೆ. ಹೊಸದಾಗಿ ಹತ್ತಿ ತುಂಬಿಸಿದ ಹಾಸಿಗೆಯನ್ನು ಒಳಗಿನ ಮಂಚದ ಮೇಲೆ ಹಾಸಿದ.

ಶನಿವಾರ ಮಧ್ಯಾಹ್ನ ಬಸ್ಸು ಬಿಟ್ಟು ಬಂದವನು ಹಿತ್ತಿಲಿನಲ್ಲಿ ಕಾಲಿಟ್ಟು ನಿಂತುಬಿಟ್ಟ. ರೋಸಮ್ಮ ಹಂಡೆಯ ಪಕ್ಕ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದಳು. ಗಾಡಿಯ ಕಿಟಕಿಯ ಕಡೆಯ ಮಗ್ಗಲು ಪೂರ್ತಿ, ಮೇಲಿನಿಂದ ಕೆಳಗೆ, ಸೀದ ಅನ್ನದ ತಳದ ಹಾಗೆ ಕಪ್ಪುಗಟ್ಟಿತ್ತು.

"ಏನ್ಮಾಡ್ದೆ?"

"ಒಂದ್ಸಲ ಚೌಳು ನೀರ್ನಲ್ಲಿ ತೊಳ್ದೆ. ಕುದಿಯೋ ನೀರು. ಅವಳು ಉಗಿದಿರೋದು, ಕೆಮ್ಮಿರೋದು ಎಲ್ಲ ಅದಕ್ಕೇ ಅಲ್ವ ಮೆತ್ಕಂಡಿರೋದು? ನಾಳೆ ಬಂದೋರು ಮುಟ್ದೇ ಇರ್ತಾರಾ?" ಅವಳು ಸೆರಗಿನಿಂದ ಮತ್ತೊಮ್ಮೆ ಹಣೆ ಒರೆಸಿಕೊಂಡಳು. "ಬೆಳ್ಳಗಿತ್ತು ಕಣ್ರೀ. ನೋಡ್ತಾ ನೋಡ್ತಾ ಇಂಗಾಗೋಯ್ತು."

ಅಗಸರು ಬಟ್ಟೆ ಬೇಯಿಸುವ ಚೌಳುಮಣ್ಣು ಅದು. ಆ ಒಂದು ವರ್ಷ ಮಗಳ ಸೀರೆ, ರವಿಕೆ, ದುಪ್ಪಟಿ ಎಲ್ಲವನ್ನೂ ರೋಸಮ್ಮ ಅದರಲ್ಲೇ ಕುದಿಸಿ ಕುದಿಸಿ ತೆಗೆದಿದ್ದಳು. ಅದರ ಮೇಲಿದ್ದ ನಂಬಿಕೆ ಅವಳಿಗೆ ಔಷಧಿಯ ಮೇಲಿರಲಿಲ್ಲ.

"ಅಲುಮಿನಿ ಪಾತ್ರೆಗೆ ಚೌಳು ಸೋಡಾ ತೋರಿಸ್ಬಾರ್ದು, ಕಪ್ಪಾಗ್ತದೆ ಅಂತ ನಿಂಗೊತ್ತಿಲ್ವ?"

"ಪಾತ್ರೆಗೆ ತೋರಿಸ್ಬಾರ್ದು ಅಂತ ಗೊತ್ತು. ಇದು ಗಾಡಿ ಅಲ್ವ, ಅಂದ್ಕಂಡೆ," ಎಂದು ರೋಸಮ್ಮ ಅತ್ತೇಬಿಟ್ಟಳು.

ವಿನ್ಸೆಂಟ್ ಅಂಗಿ ಕಳಚಿ ಸೀಬೆಮರಕ್ಕೆ ಸಿಕ್ಕಿಸಿದ. ಹುಣಸೆಹಣ್ಣು ನೆನೆಹಾಕಿ ಮತ್ತೆ ಶುರು ಮಾಡಿದ. ಕಪ್ಪು ಬಿಳಿಪುಡಿಯಷ್ಟು ಸುಲಭಕ್ಕೆ ಬಿಡುವಂಥದ್ದಾಗಿರಲಿಲ್ಲ, ರಟ್ಟೆ ಬಿದ್ದುಹೋಗುವ ಹಾಗೆ ತಿಕ್ಕಬೇಕಾಯಿತು. ಕಿಟಕಿಯ ಕೆಳಗೆ ಬಂದಾಗ ಕೈ ನಿಂತಿತು. ಅದೂ ಕಪ್ಪಾಗಿತ್ತು, ಎಲ್ಲಿ ಶುರು, ಎಲ್ಲಿ ಕೊನೆ ಎಂದು ಗೊತ್ತಾಗುತ್ತಿರಲಿಲ್ಲ. ಇರುವುದು ಅಡಿಯಲ್ಲೇ ಇರುತ್ತದೆ, ಮೇಲಿನದು ಹೋದರೆ ಅದೇ ಕಾಣುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಅಲ್ಲಿಯೂ ತಿಕ್ಕಿದ. ಹೊಳಪೇನೋ ಬಂತು. ಎಲ್ಲ ಕಡೆ ಬಂದ ಹಾಗೇ ಬಂತು.

ಭಾನುವಾರ ಪಾಲಹಳ್ಳಿಯವರು ಪೂಜೆ ಮುಗಿಸಿಕೊಂಡು ಬಂದರು. ಹುಡುಗನ ಅಪ್ಪ ಆರೋಗ್ಯಪ್ಪ ದೊಡ್ಡ ದನಿಯ, ಒಳ್ಳೆಯ ಮನಸ್ಸಿನ ಮನುಷ್ಯ. ಬಂದ ಸ್ವಲ್ಪ ಹೊತ್ತಿಗೇ ಮನೆಯ ಬೆಕ್ಕನ್ನೂ ಮಾತಾಡಿಸಿ ಮುಗಿಸಿದ್ದ. ಲೂರ್ದು ಕಾಫಿ ತಂದಳು. ಹುಡುಗ ಒಮ್ಮೆ ನೋಡಿದ, ಇನ್ನೊಮ್ಮೆ ನೋಡಿದ. ರೋಸಮ್ಮನ ಮುಖದಲ್ಲಿ ಬಹಳ ದಿನದ ಮೇಲೆ ರಕ್ತ ಆಡಿತು.

"ಏನೋ ದೊರೆ ಗಾಡಿ ಇದೆಯಂತೆ, ತೋರಿಸಿ ನೋಡವ," ಎಂದು ಆರೋಗ್ಯಪ್ಪನೇ ಎದ್ದ. ಹಿತ್ತಿಲಿಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ತಗಡಿನಲ್ಲಿ ತನ್ನ ಮುಖ ನೋಡಿಕೊಂಡು ಮೀಸೆ ತೀಡಿದ. "ಅಬ್ಬಾ, ಏನ್ ಹೊಳಪು ವಿನ್ಸೆಂಟಪ್ನೋರೆ! ಮದುವೆ ದಿನ ಹುಡುಗ ಹುಡುಗೀನ ಇದ್ರಲ್ಲೇ ಕೂರಿಸ್ಬುಡಬೋದು." ಬಾಗಿಲಿನಿಂದ ಇಣುಕಿ, "ಹೊಸ ಹಾಸ್ಗೆ ಬೇರೆ! ಯಾರಿಗೆ ಇದು?" ಎಂದ.

ಈಗ ಹೇಳಬೇಕು ಎಂದುಕೊಂಡ ವಿನ್ಸೆಂಟ್. ನಾಲಿಗೆಯ ತುದಿಗೆ ಬಂದಿತ್ತು. "ನಮ್ಮ ದೊಡ್ಡ ಮಗಳು..." ಎಂದ.

"ಹಾಂ, ಹಾಂ, ಗೊತ್ತು ಬುಡಿ," ಎಂದು ಆರೋಗ್ಯಪ್ಪ ಅವನ ಕೈ ಹಿಡಿದುಕೊಂಡ. "ಆ ವಿಚಾರ ಕೇಳಿ ನನಗೆ ಬಾಳ ಸಂತೋಷ ಆಯ್ತು ಕಣ್ರೀ. ನಾವು ಈ ಮನೆ ಹೆಣ್ಣನ್ನೇ ತರಬೇಕು ಅಂತ ಬಂದಿದ್ದೇ ಅದಕ್ಕೆ."

ವಿನ್ಸೆಂಟನಿಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಗೊತ್ತಿದೆ, ಗೊತ್ತಿದ್ದೂ ಬಂದಿದ್ದಾರೆ. ಪ್ರಪಂಚದಲ್ಲಿ ಇಂಥವರೂ ಇದ್ದಾರೆ ಎಂದು ಅವನಿಗೆ ಕಣ್ಣು ತುಂಬಿ ಬಂತು.

"ನಿಮ್ಮ ಮನೆಯೋರೇ ನಮ್ಮ ಮನೆಯೋಳ ಹತ್ರ ಹೇಳಿದ್ರಂತೆ. ಒಂದು ಮಗೀನ ದೇವ್ರಿಗೆ ಕೊಟ್ಬುಡೋದು ಅಂದ್ರೆ ಸುಮ್ನೆ ಆಯ್ತಾ? ಕನ್ಯಾಸ್ತ್ರೀ ಆಗೋ ಭಾಗ್ಯ ಎಲ್ಲಾರ ಮನೆ ಹೆಣ್ಗೂ ಬರಲ್ಲ. ಮದರಾಸ್ ಕಡೆ ಮಠ ಅಂತಲ್ಲ?"

ವಿನ್ಸೆಂಟ್ ಬಾಗಿಲ ಕಡೆ ತಿರುಗಿದ. ರೋಸಮ್ಮ ಕಜ್ಜಾಯದ ತಟ್ಟೆ ಹಿಡಿದು ನೆಲ ನೋಡುತ್ತಾ ನಿಂತಿದ್ದಳು. ಅವಳ ಹಿಂದೆ ಲೂರ್ದು. ತಲೆಯಲ್ಲಿ ಮಲ್ಲಿಗೆ, ಕೈಯಲ್ಲಿ ಖಾಲಿ ಲೋಟಗಳು. ಲೂರ್ದು ನೆಲ ನೋಡುತ್ತಿರಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು. ಹಾಗಾದರೆ ಈ ಸುಳ್ಳು ಇವಳಿಗೂ ಗೊತ್ತು. ಆ ಎರಡು ಸಲ ಎದ್ದು ಹೋದವರು ಅರ್ಧ ಕುಡಿದಿಟ್ಟ ಲೋಟಗಳನ್ನು ತೊಳೆದಿಟ್ಟವಳು ಅವಳೇ.

"ಅಂಥಾ ಮಠಕ್ಕೋದೋರು ಮತ್ತೆ ಮನೆ ಮೆಟ್ಲು ತುಳಿಯೋ ಹಂಗಿಲ್ವಂತಲ್ಲ, ನಿಜವಾ?" ಎಂದು ಆರೋಗ್ಯಪ್ಪ ಕೇಳಿದ.

ಸೀಬೆಮರದಲ್ಲಿ ಅಳಿಲು ಕಿಚಗುಟ್ಟುತ್ತಿತ್ತು. ಲೂರ್ದುವಿನ ಕೈಯಲ್ಲಿ ಲೋಟಗಳು ಒಂದಕ್ಕೊಂದು ತಾಕಿ ಸದ್ದು ಮಾಡಿದವು.

"ಇಲ್ಲ," ಎಂದ ವಿನ್ಸೆಂಟ್. "ತುಳಿಯೋ ಹಂಗಿಲ್ಲ."

ಆರೋಗ್ಯಪ್ಪ ಸ್ವಲ್ಪ ಹೊತ್ತು ಅವನ ಕೈ ಬಿಡಲಿಲ್ಲ. "ಪುಣ್ಯವಂತ್ರು ನೀವು. ಆದ್ರೂ ಅಪ್ಪ ಅನ್ನೋನ ಹೊಟ್ಟೆ ಎಷ್ಟು ಉರೀತದೆ ಅಂತ ನಂಗೂ ಗೊತ್ತಾಗ್ತದೆ," ಎಂದ. ಅವನ ಕಣ್ಣೂ ಒದ್ದೆಯಾಗಿತ್ತು.

ಒಪ್ಪಿಗೆಯ ವೀಳ್ಯ ತೆಗೆದುಕೊಂಡು ಅವರು ಹೊರಟಾಗ ಬಿಸಿಲು ಇಳಿಯುತ್ತಿತ್ತು. ಟಾಂಗಾ ಮರೆಯಾದ ಮೇಲೆ ರೋಸಮ್ಮ ಹಿತ್ತಿಲಿಗೆ ಬಂದು ಗಂಡನ ಹಿಂದೆ ನಿಂತಳು.

"ನಾನೇನ್ ಮಾಡ್ಲಿ ಹೇಳಿ. ಅವಳೂ ನನ್ನ ಹೊಟ್ಟೇಲೇ ಹುಟ್ಟಿದ್ದು. ಮದುವೆ ಒಂದಾಗೋಗ್ಲಿ ಅಂತ ಬಾಯಿಗೆ ಬಂದಿದ್ದು ಅಂದ್ಬುಟ್ಟೆ."

"ಮದುವೆ ಆದ್ಮೇಲೆ? ಬೀಗ್ರು ಈ ಮನೆಗೆ ಬರಲ್ವ? ಆಗ ಇವಳ್ಯಾರು ಅಂದ್ರೆ ಏನಂತೀಯ?"

ರೋಸಮ್ಮ ಮದುವೆಯವರೆಗೆ ಮಾತ್ರ ಯೋಚಿಸಿದ್ದಳು. ಸೆರಗು ಸಿಕ್ಕಿಸಿಕೊಳ್ಳುತ್ತಾ, "ಆಸ್ಪತ್ರೇಲಿ ಇನ್ನೊಂಚೂರು ದಿನ ಇಟ್ಕೋತಾರಾ ಅಂತ ನಾಳೆ ಕೇಳಿ ನೋಡಿ," ಎಂದು ಒಳಗೆ ಹೋದಳು.

ನಾಳೆ ಪುಷ್ಪ ಗಂಟು ಕಟ್ಟಿಕೊಂಡು ವರಾಂಡದಲ್ಲಿ ನಿಂತಿರುತ್ತಾಳೆ. ವಿನ್ಸೆಂಟನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಕಿಟಕಿಯ ಕೆಳಗೆ ಅಂಗೈಯಿಟ್ಟು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ತಡವಿದ. ಆ ನಯ ಎಲ್ಲೂ ಸಿಗಲಿಲ್ಲ. ತಗಡಿನಲ್ಲಿ ಚಾಮುಂಡಿ ಬೆಟ್ಟ ತಲೆಯವರೆಗೂ ಸ್ಪಷ್ಟವಾಗಿ ಕಾಣುತ್ತಿತ್ತು.

ಅವನು ಗಾಡಿಯೊಳಗೆ ಹತ್ತಿ ಹೊಸ ಹಾಸಿಗೆಯ ಅಂಚಿನಲ್ಲಿ ಕೂತ. ಕಿಟಕಿಯಿಂದ ಕೈಯನ್ನು ಹೊರಗೆ ಇಳಿಬಿಟ್ಟ. ದಿನವೆಲ್ಲ ಕಾದ ತಗಡು ಇನ್ನೂ ಬೆಚ್ಚಗಿತ್ತು.

ಸ್ವಲ್ಪ ಹೊತ್ತಿಗೆ ಲೂರ್ದು ಕಾಫಿ ತಂದಳು. ಕಿಟಕಿಯ ಹತ್ತಿರಕ್ಕೆ ಬರಲಿಲ್ಲ. ಲೋಟವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು, ಎರಡು ಮಾರು ಹಿಂದಕ್ಕೆ ಸರಿದು ನಿಂತಳು.