ಸಂತನ ಎಡಗಾಲು

"ಇಥೆಲಜ್ಜಾ, ಬೇಗ ಬನ್ನಿ! ಕೆಂಪು ಬಣ್ಣ ಸಿಕ್ತು, ಕಾಲೇ ಇರಬೇಕು!"

ಹಳೆಯ ಗೋಡೆಚಿತ್ರಗಳನ್ನು ಬಿಡಿಸಿ ತೆಗೆಯುವ ಕೆಲಸದ ಹೆಲೆದ್ ಎರಡು ವಾರದಿಂದ ಇಗರ್ಜಿಯ ಉತ್ತರದ ಗೋಡೆಯನ್ನು ಪುಟ್ಟ ಚಾಕುವಿನಿಂದ ಕೆರೆಯುತ್ತಿದ್ದಳು. ಪದರ ಪದರವಾಗಿ ಕೂತಿದ್ದ ಸುಣ್ಣದ ಕೆಳಗಿಂದ ಐನೂರು ವರ್ಷದ ಹಿಂದಿನ ಚಿತ್ರದ ಸಂತ ಕ್ರಿಸ್ಟೋಫರ್ ಎದ್ದು ಬಂದಿದ್ದ. ಹೆಗಲ ಮೇಲೆ ಬಾಲಯೇಸು, ಕೆಳಗೆ ಅವನು ದಾಟುತ್ತಿರುವ ಹೊಳೆ. ಎಡಗಾಲೊಂದು ಬಾಕಿ.

ಕೀಲಿಕೈ ನೋಡಿಕೊಳ್ಳುವ ಮುದುಕ ಇಥೆಲ್ ಅವಳಿಗೆ ಚಹಾ ತಂದಿದ್ದ. ಕೆಂಪು ಕಂಡದ್ದೇ ಲೋಟ ಕೆಳಗಿಟ್ಟ. ಆ ಕೆಂಪಿಗೆ ಐನೂರು ವರ್ಷವೆಲ್ಲಿಂದ ಬಂತು? ಬರೀ ನಲವತ್ತೆಂಟು. ಮದುವೆಯಾದ ವರ್ಷ ಅವನೂ ಮೊರ್ವಿದಳೂ ಸೇರಿ ಈ ಗೋಡೆಗೆ ಸುಣ್ಣ ಹೊಡೆದಿದ್ದರು. ಕುರಿಗಳಿಗೆ ಗುರುತಿನ ಕೆಂಪು ಬಣ್ಣ ಬಳಿದು ಅದೇ ಕೈಯಲ್ಲಿ ಬಂದವಳು ಹಸಿ ಸುಣ್ಣದ ಮೇಲೆ ಅಂಗೈ ಒತ್ತಿಬಿಟ್ಟಿದ್ದಳು. "ನಾವೂ ಇಲ್ಲಿದ್ವಿ ಅಂತ ಇರ್ಲಿ ಬಿಡು." "ದೇವರ ಗೋಡೆ ಕಣೇ, ಬುದ್ಧಿ ಇದೆಯಾ ನಿಂಗೆ?" ಎಂದು ರೇಗಿ ಇಥೆಲ್ ಅದರ ಮೇಲೆ ಮೂರು ಸಲ ಸುಣ್ಣ ಎಳೆದಿದ್ದ. ಅವಳು ಒಂದು ವಾರ ಮಾತು ಬಿಟ್ಟಿದ್ದಳು. ಹೋದ ವರ್ಷ ತೀರಿಕೊಂಡಳು.

ಹೆಲೆದ್‌ಳ ಚಾಕುವಿನಡಿ ಒಂದು ಬೆರಳು ಮೂಡಿತು. ಆಮೇಲೆ ಇನ್ನೊಂದು.

"ಅಜ್ಜ, ಇದು ಕಾಲಲ್ಲ. ಕೈ."

"ನನ್ನ ಹೆಂಡ್ತೀದು. ಕುರಿ ಬಣ್ಣ."

ಕತೆ ಕೇಳಿ ಹೆಲೆದ್ ಚಾಕು ಕೆಳಗಿಟ್ಟಳು. "ಕಾಲು ಇದರ ಅಡಿಯಲ್ಲೇ ಇದೆ. ಅದು ಬೇಕಂದ್ರೆ ಈ ಕೈ ಪುಡಿಯಾಗತ್ತೆ."

"ಕೆರಿ ಮಗಳೇ. ಮುಚ್ಚಿದವನು ನಾನೇ. ಈಗ ಉಳಿಸು ಅನ್ನೋಕೆ ಯಾವ ಮುಖ ಇದೆ ನಂಗೆ?"

ಹೊರಗೆ ಗೋರಿಗಳ ನಡುವೆ ಹೋಗಿ ಕೂತ. ಮೊರ್ವಿದಳ ಕಲ್ಲಿನ ಕಡೆ ನೋಡಲಾಗಲಿಲ್ಲ. ಕೂರಲೂ ಆಗದೆ ಮರಳಿ ಬಂದಾಗ ಹೆಲೆದ್ ಕೈಯಲ್ಲಿ ಚಾಕು ಇರಲಿಲ್ಲ. ಮೆತ್ತನೆಯ ಕುಂಚದಿಂದ ಕಿರುಬೆರಳಿನ ಧೂಳು ಒರೆಸುತ್ತಿದ್ದಳು.

"ಇದೂ ಗೋಡೆಯ ಚರಿತ್ರೆನೇ ಅಜ್ಜ. ವರದಿಯಲ್ಲಿ ಹಾಗಂತ ಬರೀತೀನಿ. ಇಷ್ಟು ವರ್ಷ ಕಾದಿರೋ ಕಾಲು ಇನ್ನಷ್ಟು ಕಾಯ್ಲಿ."

ಇಥೆಲ್ ತನ್ನ ಅಂಗೈಯನ್ನು ಆ ಕೈಯ ಹತ್ತಿರ ಹಿಡಿದ. ಮುಟ್ಟಲಿಲ್ಲ. ಇಷ್ಟು ಚಿಕ್ಕ ಕೈ ಎನ್ನುವುದೇ ಅವನಿಗೆ ಮರೆತುಹೋಗಿತ್ತು.

ಭಾನುವಾರ ಪಕ್ಕದ ಹೊಲದ ಗುತೊ ಗೋಡೆ ನೋಡಿ ಕಿಸಕ್ಕೆಂದ. "ಏನಯ್ಯಾ, ನಿಮ್ಮ ಸಂತ ಒಂಟಿಕಾಲಲ್ಲೇ ಹೊಳೆ ದಾಟ್ತಾನಾ?"

"ದಾಟ್ತಾನೆ," ಎಂದ ಇಥೆಲ್. "ಬೀಳದ ಹಾಗೆ ನಮ್ಮ ಮೊರ್ವಿದ್ ಹಿಡ್ಕೊಂಡಿದಾಳಲ್ಲ."