ಸಾಹುಕಾರನಿಗೆ ಡಾಕ್ಟರ್ ಹುಡುಕಿದ್ದು

ನನ್ನ ಬಾಯಿ ದೊಡ್ಡದು. ಇದನ್ನು ನಾನು ಹೇಳುವುದಲ್ಲ, ನಮ್ಮ ಹೂವಿನ ಅಂಗಡಿಗೆ ಮಾಲು ಹಾಕುವವರೆಲ್ಲ ಹೇಳುತ್ತಾರೆ. ಗುಲಾಬಿ ಕಟ್ಟಿನಲ್ಲಿ ಒಂದೇ ಒಂದು ದಂಟು ಮೆತ್ತಗಿದ್ದರೂ ಮೂರು ಅಂಗಡಿಯಾಚೆ ಕೇಳುವಂತೆ ಜಗಳ ತೆಗೆಯುವವಳು ನಾನು. ಅಂಥವಳಿಗೆ ಆ ಮಂಗಳವಾರ ಬೆಳಿಗ್ಗೆ ಮಾತೇ ಹೊರಡಲಿಲ್ಲ. ಹೂವು ತಣ್ಣಗಿಡುವ ಕೋಲ್ಡ್ ರೂಮಿನಲ್ಲಿ, ಬಕೆಟ್ಟುಗಳ ಸಾಲಿನ ಹಿಂದೆ, ಸಾಹುಕಾರ ಬಿದ್ದಿದ್ದ.

ಸಾಹುಕಾರ ಅಂದರೆ ನಮ್ಮ ಅತ್ತೆಯ ಆಮೆ. ಅತ್ತೆಗೆ ಆರು ವರ್ಷವಿದ್ದಾಗ ಅವರಪ್ಪ ತಂದುಕೊಟ್ಟದ್ದು. ಈಗ ಅತ್ತೆಗೆ ಅರವತ್ತೊಂಬತ್ತು. ಊರೆಲ್ಲ ತನಗೆ ಕಾದಿರಲಿ ಎಂಬಂಥ ಅದರ ನಡಿಗೆ ನೋಡಿ ಯಾರೋ ಇಟ್ಟ ಹೆಸರು ಅದು. ಅಂಗಡಿಯ ಹಿಂದೆಯೇ ನಮ್ಮ ಮನೆ. ಹಗಲೆಲ್ಲ ಅಂಗಡಿಯಲ್ಲಿ ತಿರುಗುತ್ತಾ, ಉದುರಿದ ಗುಲಾಬಿ ಎಸಳು ತಿನ್ನುತ್ತಾ, ಸಂಜೆ ಅತ್ತೆಯ ಕುರ್ಚಿಯ ಕೆಳಗೆ ಬಂದು ಕೂರುವುದು ಅದರ ದಿನಚರಿ.

ಶನಿವಾರ ಸಂಜೆ ಏನಾಯಿತೆಂದು ಆ ಕ್ಷಣದಲ್ಲೇ ನನಗೆ ಹೊಳೆಯಿತು. ಕೋಲ್ಡ್ ರೂಮಿನ ಬಾಗಿಲನ್ನು ನಮ್ಮಲ್ಲಿ ಯಾರೂ ಕೈಯಿಂದ ಹಾಕುವುದಿಲ್ಲ. ಎರಡು ಕೈ ತುಂಬಾ ಹೂವಿರುತ್ತದೆ, ಹಿಂದೆ ನೋಡದೆ ಹಿಮ್ಮಡಿಯಿಂದ ಒದ್ದು ಹಾಕುತ್ತೇವೆ. ಅಂದು ಹೊಸ್ತಿಲಲ್ಲಿ ಕಾಲಿಗೆ ಏನೋ ಗಟ್ಟಿಯಾದದ್ದು ತಾಗಿತ್ತು. ಕೂಜವೋ ಕುಂಡವೋ ಇರಬೇಕೆಂದು ಪಾದದಿಂದ ಒಳಗೆ ತಳ್ಳಿ, ಬಾಗಿಲು ಒದ್ದು, ದೀಪ ಆರಿಸಿ ಬಂದೆ. ಭಾನುವಾರ ರಜೆ, ಸೋಮವಾರವೂ ರಜೆ. ಎರಡು ದಿನ ಅತ್ತೆ ಮಂಚದ ಕೆಳಗೆ, ಕಪಾಟಿನ ಹಿಂದೆ ಹುಡುಕಿದ್ದೇ ಹುಡುಕಿದ್ದು. ನಾನೂ ಟಾರ್ಚು ಹಿಡಿದು ಅವರ ಹಿಂದೆ ಹಿಂದೆ ತಿರುಗಿದ್ದೆ.

ಕೈಯಲ್ಲಿ ಎತ್ತಿಕೊಂಡರೆ ಕಲ್ಲಿನಷ್ಟು ತಣ್ಣಗಿತ್ತು. ಕತ್ತು ಹೊರಗೆ ಜೋತುಬಿದ್ದಿತ್ತು, ಕಣ್ಣು ಮುಚ್ಚಿತ್ತು. ಅಂಗಡಿಯವಳ ಬುದ್ಧಿ ಅಂಗಡಿಗೇ ಓಡಿತು: ಬಾಡಿದ ಗುಲಾಬಿಗೆ ಮಾಡುವಂತೆ ಬಕೆಟ್ಟಿಗೆ ಬಿಸಿನೀರು ಬಿಡಲು ಹೊರಟೆ. ಅಷ್ಟರಲ್ಲಿ ಅತ್ತೆ ಬಂದರು. ಅವರಿಗೆ ಕಿವಿ ಮಂದ, ಕಣ್ಣು ಮಾತ್ರ ಚೂಪು. ನನ್ನ ಕೈಯಿಂದ ಆಮೆಯನ್ನು ತೆಗೆದುಕೊಂಡು, "ಅದು ಗುಲಾಬಿ ಅಲ್ಲ ಕಣಮ್ಮ" ಎಂದು ತಮ್ಮ ಶಾಲಿನಲ್ಲಿ ಸುತ್ತಿಕೊಂಡರು. ಅಳಲಿಲ್ಲ. "ಒಳ್ಳೆ ಡಾಕ್ಟ್ರ ಹತ್ರ ಹೋಗೋಣ. ಯಾರು ಒಳ್ಳೆಯವರು ನೋಡು."

ನಮ್ಮೆಜಮಾನರು, "ತೆರೆದಿದ್ದ ಬಾಗ್ಲಲ್ಲಿ ಅದೇ ನುಗ್ಗಿರ್ಬೇಕು" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ನನ್ನ ಚಪ್ಪಲಿ ನೋಡಿಕೊಂಡೆ. ನಿಜ ಹೇಳಬೇಕಿತ್ತು. ಹೇಳಲಿಲ್ಲ. ಸಾಹುಕಾರ ಬದುಕಿದರೆ ಹೇಳೋಣ, ಸತ್ತರೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದುಕೊಂಡೆ.

ವ್ಯಾನ್ ಹತ್ತಿದೆವು. ಯಜಮಾನರ ಕೈಯಲ್ಲಿ ಸ್ಟೇರಿಂಗು, ಅತ್ತೆಯ ಮಡಿಲಲ್ಲಿ ಸಾಹುಕಾರ, ನನ್ನ ಕೈಯಲ್ಲಿ ಫೋನು. ನಮ್ಮ ಕಡೆ ಸಾಕುಪ್ರಾಣಿಗಳ ಆಸ್ಪತ್ರೆ ಮೂರಿವೆ ಎಂದು ಫೋನು ಹೇಳಿತು. ಒಂದಕ್ಕೆ ನಾಲ್ಕೂ ಮುಕ್ಕಾಲು ನಕ್ಷತ್ರ, ಒಂದಕ್ಕೆ ನಾಲ್ಕು, ಇನ್ನೊಂದಕ್ಕೆ ಎರಡೂವರೆ. ಜನ ಬರೆದದ್ದನ್ನು ಗಟ್ಟಿಯಾಗಿ ಓದಿದೆ. "ನಮ್ಮ ನಾಯಿ ಇಲ್ಲಿಗೆ ಬರೋಕೆ ಕುಣಿಯುತ್ತೆ" ಅಂತ ಒಬ್ಬರು. "ಕಾಫಿ ಚೆನ್ನಾಗಿದೆ" ಅಂತ ಇನ್ನೊಬ್ಬರು.

"ಕಾಫಿ ಕುಡಿಯೋಕೆ ಹೋಗ್ತಾರಾ ಅಲ್ಲಿಗೆ?" ಎಂದರು ಯಜಮಾನರು.

ನಕ್ಷತ್ರವನ್ನು ನಾನು ನಂಬುವವಳಲ್ಲ. ಇಪ್ಪತ್ತೆರಡು ವರ್ಷದಿಂದ ಮಾಲು ಕೊಳ್ಳುವುದಕ್ಕೆ ನನ್ನದೇ ಒಂದು ಶಾಸ್ತ್ರವಿದೆ. ಯಾರ ಅಂಗಡಿಗೆ ಹೋದರೂ ಹೂವು ನೋಡುವುದಿಲ್ಲ, ಮೊದಲು ಬಕೆಟ್ಟಿನ ನೀರು ನೋಡುತ್ತೇನೆ. ಹೂವಿಗೆ ನೀರು ಚಿಮುಕಿಸಿ ಯಾರು ಬೇಕಾದರೂ ಹೊಳಪು ಬರಿಸಬಹುದು, ಬಕೆಟ್ಟು ಮಾತ್ರ ಒಳಗಿನ ಸತ್ಯ ಹೇಳುತ್ತದೆ. ಡಾಕ್ಟರಿಗೂ ಅದೇ ಶಾಸ್ತ್ರ ಸಾಕೆಂದು ತೀರ್ಮಾನಿಸಿದೆ.

ಮೊದಲನೆಯ ಆಸ್ಪತ್ರೆಗೆ ಗಾಜಿನ ಬಾಗಿಲು. ಮೂಲೆಯಲ್ಲಿ ನಾಯಿಗೆ ಕುಡಿಯಲಿಟ್ಟ ನೀರು ತಳ ಕಾಣುವಷ್ಟು ತಿಳಿ. ನನಗೆ ಸಮಾಧಾನವಾಯಿತು. ಎಳೆಯ ವಯಸ್ಸಿನ ಡಾಕ್ಟರು ಬೆರಳ ಗೆಣ್ಣಿನಿಂದ ಚಿಪ್ಪಿನ ಮೇಲೆ ಟಕಟಕ ಬಡಿದರು, ಸ್ಟೆತಸ್ಕೋಪನ್ನು ಚಿಪ್ಪಿಗೆ ಒತ್ತಿ ನಿಮಿಷ ತುಂಬುವ ಮೊದಲೇ ಕಿವಿಯಿಂದ ತೆಗೆದರು. "ಹೋಗ್ಬಿಟ್ಟಿದೆ, ಸಾರಿ" ಎಂದರು. ಆಮೇಲೆ ಮೃದುವಾಗಿ, ಬೇಕಿದ್ದರೆ ಜೇಡಿಮಣ್ಣಿನಲ್ಲಿ ಅದರ ಪಂಜದ ಗುರುತು ತೆಗೆದುಕೊಡುತ್ತೇವೆ, ನೆನಪಿಗೆ ಇಟ್ಟುಕೊಳ್ಳಬಹುದು ಎಂದರು.

ಅತ್ತೆ ನನ್ನ ಮುಖ ನೋಡಿದರು. "ಏನಂತೆ?"

ಅವರು ನನ್ನ ತುಟಿ ನೋಡುವ ಮೊದಲೇ ಡಾಕ್ಟರ ಮುಖ ಓದಿದ್ದರು. ಶಾಲನ್ನು ಮತ್ತೆ ಸುತ್ತಿ, "ಇವ್ರಿಗೆ ಅವಸರ ಜಾಸ್ತಿ. ಇವನಿಗೆ ಅವಸರದವರು ಆಗಿಬರಲ್ಲ. ಮುಂದಿನವರ ಹತ್ರ ನಡಿ" ಎಂದು ಹೊರಟೇಬಿಟ್ಟರು.

ಎರಡನೆಯದರಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಕ್ಕು, ನಾಯಿ, ಅವುಗಳಿಗಿಂತ ಹೆಚ್ಚು ಗಲಾಟೆ ಮಾಡುವ ಅವುಗಳ ಮಾಲೀಕರು. ಡಾಕ್ಟರು ದಪ್ಪ ಆಸಾಮಿ, ತೋಳಿನ ತುಂಬಾ ಬೆಕ್ಕು ಪರಚಿದ ಗೀರು. ಶಾಲು ಬಿಡಿಸಿ ನೋಡಿ ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡರು.

"ನೋಡಿ ತಾಯಿ, ನಾಯಿ ತನ್ನಿ, ಕತ್ತಲೆಯಲ್ಲಿ ಕಣ್ಣು ಕಟ್ಕೊಂಡು ನೋಡ್ತೀನಿ. ಆಮೆ ನನಗೆ ಗೊತ್ತಿಲ್ಲ. ಗೊತ್ತಿಲ್ದೆ ಕೈ ಹಾಕಿ ಇರೋ ಜೀವಾನೂ ತೆಗೀಬಾರ್ದು. ಸೈಕಲ್ ಅಂಗಡಿ ಮಹಡಿ ಮೇಲೆ ಒಬ್ರು ಮೇಡಂ ಇದ್ದಾರೆ, ಹಕ್ಕಿ, ಮೀನು, ಆಮೆ ಅಷ್ಟೇ ನೋಡೋದು. ಈಗ್ಲೇ ಹೋಗಿ. ದಾರೀಲಿ ಹೀಟರ್ ಹಾಕ್ಬೇಡಿ."

ಗೊತ್ತಿಲ್ಲ ಎಂದು ಹೇಳುವ ವ್ಯಾಪಾರಿಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಬೈಯಲು ಸಿದ್ಧವಾಗಿದ್ದ ನಾಲಗೆಯನ್ನು ಒಳಗೆಳೆದುಕೊಂಡು ಕೈಮುಗಿದು ಬಂದೆ.

ಸೈಕಲ್ ಅಂಗಡಿಯ ಮೇಲಿನದು ಅದೇ ಎರಡೂವರೆ ನಕ್ಷತ್ರದ್ದು. ಮೆಟ್ಟಿಲು ಕಡಿದಾಗಿತ್ತು, ಗೋಡೆಗೆ ಗ್ರೀಸಿನ ಕೈಗುರುತು. ಮೇಲೆ ಬಾಗಿಲ ಪಕ್ಕದಲ್ಲೇ ದೊಡ್ಡ ಟಬ್ಬು, ಅದರ ತುಂಬಾ ಪಾಚಿಗಟ್ಟಿದ ಹಸಿರು ನೀರು. ನನ್ನ ಶಾಸ್ತ್ರ ತಲೆಯೆತ್ತಿತು. "ರೀ, ವ್ಯಾನ್ ತಿರುಗಿಸಿ. ನೀರು ಬದಲಾಯಿಸೋಕೂ ಗತಿಯಿಲ್ಲದವರು ಆಮೆಗೆ ಏನು ಮಾಡ್ತಾರೆ?" ಎಂದು ಕೆಳಗೆ ನಿಂತಿದ್ದ ಯಜಮಾನರಿಗೆ ಕೂಗಿದೆ.

"ಆ ನೀರು ಬದಲಾಯಿಸಿದ್ರೆ ಅದರಲ್ಲಿರೋ ಮೀನು ನಾಳೆಗೆ ಸಾಯುತ್ತೆ" ಎಂಬ ದನಿ ಒಳಗಿನಿಂದ ಬಂತು. "ಕೆರೆಯಲ್ಲಿ ಬೆಳೆದದ್ದು, ರೆಕ್ಕೆ ಹರಿದಿದೆ. ತಿಳಿ ನೀರು ಅದಕ್ಕೆ ಆಗಲ್ಲ. ಬನ್ನಿ ಒಳಗೆ, ಚಪ್ಪಲಿ ಸದ್ದು ಮಾಡ್ಬೇಡಿ."

ಇಪ್ಪತ್ತೆರಡು ವರ್ಷದ ಶಾಸ್ತ್ರ ಒಂದು ಮೀನಿನ ಮುಂದೆ ಮಗುಚಿ ಬಿತ್ತು. ಬಾಯಿ ಮುಚ್ಚಿಕೊಂಡು ಅತ್ತೆಯ ಹಿಂದೆ ಒಳಗೆ ಹೋದೆ.

ಒಳಗೆ ನೋಡಿದ್ದನ್ನು ಹೇಗೆ ಹೇಳಲಿ! ಬಿಳಿಗೂದಲಿನ ಡಾಕ್ಟರಮ್ಮ ನನ್ನ ಹೆಬ್ಬೆರಳಿಗಿಂತ ಚಿಕ್ಕ ಹಕ್ಕಿಯೊಂದನ್ನು ಅಡುಗೆಮನೆಯ ತಕ್ಕಡಿಯ ಮೇಲೆ ತೂಗುತ್ತಿದ್ದರು. ಒಂದು ಗಿಣಿಯ ಮುರಿದ ಕಾಲಿಗೆ ಬೆಂಕಿಕಡ್ಡಿಯಷ್ಟು ಪಟ್ಟಿ ಕಟ್ಟಿದ್ದರು. "ಈ ಪುಟಾಣಿಯ ಎದೆ ನಿಮಿಷಕ್ಕೆ ಐನೂರು ಸಲಕ್ಕಿಂತ ಹೆಚ್ಚು ಬಡಿಯುತ್ತೆ" ಎಂದು ಹಕ್ಕಿಯನ್ನು ಗೂಡಿಗೆ ಬಿಟ್ಟರು. ಐನೂರು! ನಾನು ಹಾಗೇ ನಿಂತುಬಿಟ್ಟೆ. ಇಷ್ಟು ವರ್ಷ ಕಿಟಕಿಯ ಮೇಲೆ ಕೂತ ಹಕ್ಕಿಗಳನ್ನು ಹುಶ್ ಎಂದು ಓಡಿಸಿದವಳು ನಾನು.

ಅವರು ಸಾಹುಕಾರನನ್ನು ಮೆತ್ತನೆಯ ಟವೆಲಿನ ಮೇಲೆ ಮಲಗಿಸಿ, ತೆಳುವಾದ ಥರ್ಮಾಮೀಟರು ಇಟ್ಟು ನೋಡಿದರು. "ಏಳು ಡಿಗ್ರಿ. ಎಷ್ಟು ಹೊತ್ತು ತಣ್ಣಗಿತ್ತು?"

"ಶನಿವಾರ ಸಂಜೆಯಿಂದ" ಎಂದೆ. ಅಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತೆಂದು ಅವರು ಕೇಳಲಿಲ್ಲ. ಅತ್ತೆ ನನ್ನ ತುಟಿಯನ್ನೇ ನೋಡುತ್ತಿದ್ದರು.

"ಬಿಸಿನೀರಿಗೆ ಹಾಕಿಲ್ಲ ತಾನೆ?" ಎಂದರು ಡಾಕ್ಟರಮ್ಮ. ಇಲ್ಲವೆಂದೆ. "ಪುಣ್ಯ. ಬೇರೆ ಎಲ್ಲಾದ್ರೂ ಸತ್ತಿದೆ ಅಂದ್ರಾ? ಅಂದಿರ್ತಾರೆ. ಆಮೆ ಸತ್ತಿದೆ ಅಂತ ಹೇಳೋಕೆ ನನಗೆ ಒಂದು ಇಡೀ ದಿನ ಬೇಕು. ಬದುಕಿದೆ ಅಂತ ಹೇಳೋಕೆ ಒಂದು ಬಡಿತ ಸಾಕು."

ಒಂದು ಚಿಕ್ಕ ಪೆಟ್ಟಿಗೆ ತೆಗೆದರು. ಅದಕ್ಕೊಂದು ವೈರು, ವೈರಿನ ತುದಿಗೆ ಪೆನ್ಸಿಲಿನಂಥ ಕಡ್ಡಿ. ರಕ್ತ ಹರಿಯುವ ಸದ್ದನ್ನು ಇದು ದೊಡ್ಡದು ಮಾಡಿ ಕೇಳಿಸುತ್ತದೆ ಎಂದರು. ಕಡ್ಡಿಯ ತುದಿಗೆ ಜೆಲ್ಲು ಸವರಿ, ಕತ್ತಿಗೂ ಮುಂಗಾಲಿಗೂ ನಡುವಿನ ಮೆತ್ತನೆಯ ಜಾಗದಲ್ಲಿ ಇಟ್ಟು ಗುಂಡಿ ಒತ್ತಿದರು. ಪೆಟ್ಟಿಗೆಯಿಂದ ಸ್ಟೇಷನ್ನು ಸಿಗದ ರೇಡಿಯೋದಂತೆ ಬರೀ ಸುಯ್ ಎಂಬ ಸದ್ದು.

ಕಾದೆವು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಅರ್ಧ ಸುತ್ತು ಹಾಕಿತು. ಇಡೀ ಸುತ್ತು ಹಾಕಿತು. ಡಾಕ್ಟರಮ್ಮ ಕಡ್ಡಿಯನ್ನು ಕೂದಲೆಳೆಯಷ್ಟು ಓರೆ ಮಾಡಿದರು, ಮತ್ತೆ ಅಲುಗಾಡದೆ ಕೂತರು. ಆಗಲೇ ಮೇಲೆ ಬಂದಿದ್ದ ಯಜಮಾನರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಮುಗಿಯಿತು, ನಾನೇ ಕೊಂದೆ, ಅರವತ್ತಮೂರು ವರ್ಷದ ಜೀವವನ್ನು ಹಿಮ್ಮಡಿಯಲ್ಲಿ ಒದ್ದು ಕೊಂದೆ ಎಂದು ನನ್ನ ಮನಸ್ಸು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಆಗ ಬಂತು. ಪಕ್ಕದ ಕೋಣೆಯಲ್ಲಿ ಯಾರೋ ಒಂದೇ ಒಂದು ಸಲ ಪೊರಕೆ ಎಳೆದ ಹಾಗೆ. ಅಷ್ಟೇ. ಮತ್ತೆ ಬರೀ ಸುಯ್.

ಡಾಕ್ಟರಮ್ಮ ಮಾತಾಡದೆ ಒಂದು ಬೆರಳೆತ್ತಿ ತೋರಿಸಿದರು. ಅಯ್ಯೋ ದೇವರೇ, ಇಷ್ಟು ನಿಧಾನವಾಗಿಯೂ ಬದುಕಿರಬಹುದೇ? ಎರಡು ದಿನ ಮೂರು ರಾತ್ರಿ, ಆ ಕತ್ತಲೆಯಲ್ಲಿ, ನಾವು ಪಕ್ಕದ ಕೋಣೆಯಲ್ಲಿ ಉಂಡು ಮಲಗಿ ಎದ್ದಾಗಲೆಲ್ಲ, ಇದು ಹೀಗೆ ಒಂದೊಂದೇ ಬಡಿತ ಬಡಿಯುತ್ತಾ ಕಾದಿತ್ತು.

ಅತ್ತೆ ನನ್ನ ತೋಳು ಹಿಡಿದರು. "ಏನಾಯ್ತು? ನಂಗೆ ಏನೂ ಕೇಳಿಸ್ತಿಲ್ಲ."

"ಬದುಕಿದಾನೆ ಅತ್ತೆ! ಎದೆ ಬಡೀತಿದೆ!"

ಅವರು ನನ್ನ ಬಲಗೈಯನ್ನು ಎಳೆದು ತಮ್ಮ ಅಂಗೈಯಲ್ಲಿ ಇಟ್ಟುಕೊಂಡರು. "ಬಡಿತ ಬಂದಾಗಲೆಲ್ಲ ಒತ್ತು."

ಡಾಕ್ಟರಮ್ಮ ಶಾಖ ಕೊಡುವ ದೀಪವನ್ನು ದೂರದಲ್ಲೇ ಹಚ್ಚಿದರು. ಸಂಜೆಯವರೆಗೆ ಗಂಟೆಗೆ ಒಂದೆರಡು ಡಿಗ್ರಿಯಂತೆ ಬೆಚ್ಚಗಾಗಬೇಕು, ಅದಕ್ಕಿಂತ ಬೇಗ ಆದರೆ ಎದೆ ತಡೆಯುವುದಿಲ್ಲ, ಎರಡು ಬಡಿತದ ನಡುವೆ ಎಷ್ಟು ಸೆಕೆಂಡು ಎಂದು ಎಣಿಸಿ ಬರೆಯುತ್ತಿರಬೇಕು ಎಂದರು. ಎಣಿಸುವ ಕೆಲಸ ನನ್ನ ಪಾಲಿಗೆ ಬಂತು.

ಅರವತ್ತೆಂಟು ಸೆಕೆಂಡಿಗೆ ಒಂದು. ಒತ್ತಿದೆ. ಅರವತ್ತೈದಕ್ಕೆ ಒಂದು. ಒತ್ತಿದೆ. ಪ್ರತಿ ಸಲ ಒತ್ತಿದಾಗ ಅತ್ತೆಯ ಕಣ್ಣು ಚಿಕ್ಕ ಹುಡುಗಿಯದರಂತೆ ಅರಳುತ್ತಿತ್ತು. ಅಷ್ಟು ನಂಬಿ ಅವರು ಹಿಡಿದಿದ್ದ ಕೈ ನನ್ನದು ಎಂಬುದನ್ನು ನನ್ನಿಂದ ತಡೆಯಲಾಗಲಿಲ್ಲ. ಒಂದು ಗಂಟೆ ತಡೆದೆ. ಆಮೇಲೆ ಅವರು ತುಟಿ ನೋಡಲಿ ಎಂದು ಮುಖ ತಿರುಗಿಸಿ ಹೇಳಿಬಿಟ್ಟೆ.

"ಅತ್ತೆ, ಅದು ತಾನಾಗೇ ನುಗ್ಗಿದ್ದಲ್ಲ. ನಾನು ಕುಂಡ ಅಂದ್ಕೊಂಡು ಕಾಲಲ್ಲಿ ತಳ್ಳಿ ಬಾಗಿಲು ಹಾಕ್ದೆ."

ಯಜಮಾನರು ಕಣ್ಣು ಬಿಟ್ಟರು. ನನ್ನ ಕೆನ್ನೆಯೆಲ್ಲ ಒದ್ದೆಯಾಗಿತ್ತು. ಕೈ ಕಿತ್ತುಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಅತ್ತೆ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. "ಬೆಳಿಗ್ಗೇನೇ ಗೊತ್ತಾಯ್ತು. ನೀನು ಯಾರನ್ನೂ ಬೈಲಿಲ್ಲವಲ್ಲ" ಎಂದರು. ಆಮೇಲೆ ಗದರಿದರು: "ಎಣಿಸೇ, ಲೆಕ್ಕ ತಪ್ಪಿಸ್ಬೇಡ."

ನಾನು ಎಣಿಸಿದೆ. ಈ ಸಲ ನಲವತ್ತಕ್ಕೇ ಬಂತು.